ವೆಲ್ಡರ್ ವೃತ್ತಿ: ಕೆಲಸದ ಸ್ವರೂಪ, ತರಬೇತಿ ಮತ್ತು ವೃತ್ತಿಗೆ ಪ್ರವೇಶಿಸುವ ಬಗೆ

ಲೋಹದ ಎರಡು ಭಾಗಗಳನ್ನು ಅಂಚಿನಲ್ಲಿ ಕರಗಿಸಿ, ಅಗತ್ಯವಿದ್ದೆಡೆ ಬೇರೆ ಲೋಹವನ್ನು ತುಂಬಿ, ಒಂದೇ ತುಂಡಾಗುವಂತೆ ಕೂಡಿಸುವ ಕಾರ್ಯಕ್ಕೆ ಬೆಸುಗೆ ಎಂದು ಹೆಸರು. ಈ ಕಾರ್ಯವನ್ನು ವೃತ್ತಿಯಾಗಿ ಮಾಡುವವರನ್ನು ವೆಲ್ಡರ್ ಎಂದು ಕರೆಯಲಾಗುತ್ತದೆ. 8ನೇ ತರಗತಿ ಅಥವಾ ಎಸ್.ಎಸ್.ಎಲ್.ಸಿ. ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಅಭ್ಯರ್ಥಿಗಳಿಗೆ, ಅವರ ಪೋಷಕರಿಗೆ, ಹಾಗೂ ವೆಲ್ಡಿಂಗ್ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದೂ ಕೈಯಲ್ಲಿ ಯಾವುದೇ ಪ್ರಮಾಣಪತ್ರವಿಲ್ಲದವರಿಗೆ ಈ ವೃತ್ತಿಯ ಬಗ್ಗೆ ಅಗತ್ಯ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ.

ಈ ವೃತ್ತಿಗೆ ಬರುವವರು ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ಬಡಗಿ ಮಾಡಿದ ಬಾಗಿಲು ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ನೋಡಿದವರೆಲ್ಲ ಹೇಳಬಲ್ಲರು. ಬೆಸುಗೆಯ ವಿಷಯ ಹಾಗಲ್ಲ. ಹೊರಗೆ ಸಾಲಾಗಿ, ಅಂದವಾಗಿ ಕಾಣುವ ಬೆಸುಗೆಯ ಒಳಗೆ ಗಾಳಿಗುಳ್ಳೆ ಇರಬಹುದು, ಸ್ಲ್ಯಾಗ್ ಸಿಕ್ಕಿಕೊಂಡಿರಬಹುದು, ಲೋಹ ಬುಡದವರೆಗೆ ಕರಗದೇ ಉಳಿದಿರಬಹುದು. ಭಾರ ಬಿದ್ದ ದಿನವೇ ಅದು ತಿಳಿಯುವುದು. ಆದ್ದರಿಂದಲೇ ದೊಡ್ಡ ಕೈಗಾರಿಕೆಗಳು ವೆಲ್ಡರನ ಮಾತನ್ನಾಗಲಿ ಅವನ ಅನುಭವದ ವರ್ಷಗಳನ್ನಾಗಲಿ ಮಾತ್ರ ನಂಬುವುದಿಲ್ಲ. ಪರೀಕ್ಷೆ ಮತ್ತು ಪ್ರಮಾಣಪತ್ರವನ್ನು ಕೇಳುತ್ತವೆ. ವೃತ್ತಿಗೆ ಕಾಲಿಡುವುದು ಸುಲಭ. ಮುಂದಿನ 30 ವರ್ಷಗಳ ಗಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂಬುದು, ಮತ್ತು ಅಲ್ಲಿಯವರೆಗೆ ಕಣ್ಣು ಹಾಗೂ ಶ್ವಾಸಕೋಶಗಳನ್ನು ಕಾಪಾಡಿಕೊಳ್ಳಲಾಗಿದೆಯೇ ಎಂಬುದು.

ಕೆಲಸದ ಸ್ವರೂಪ

ರಾಜ್ಯದಲ್ಲಿ ವೆಲ್ಡರ್‌ಗಳಿಗೆ ಕೆಲಸವಿಲ್ಲದ ತಾಲ್ಲೂಕು ಇರಲಾರದು. ಗ್ರಾಮೀಣ ಪ್ರದೇಶದಲ್ಲಿ ಟ್ರ್ಯಾಕ್ಟರ್ ಟ್ರೈಲರ್, ನೇಗಿಲು, ಕುಂಟೆಗಳ ದುರಸ್ತಿ; ಪಟ್ಟಣಗಳಲ್ಲಿ ಕಿಟಕಿಯ ಗ್ರಿಲ್, ಗೇಟು, ರೋಲಿಂಗ್ ಶಟರ್, ಶೀಟಿನ ಮಾಡು; ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರಭಾಗ ಮತ್ತು ಫ್ಯಾಬ್ರಿಕೇಶನ್ ಕೆಲಸ ದೊರೆಯುತ್ತದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿದ ನಂತರ ಬಾಯ್ಲರ್, ಕೊಳವೆ ಮತ್ತು ಗಾಣಗಳ ದುರಸ್ತಿ ಆರಂಭವಾಗುವುದರಿಂದ ಆ ತಿಂಗಳುಗಳಲ್ಲಿ ನುರಿತ ವೆಲ್ಡರ್‌ಗಳಿಗೆ ವಿಶೇಷ ಬೇಡಿಕೆ ಇರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಮಂಗಳೂರಿನ ತೈಲ ಸಂಸ್ಕರಣಾಗಾರ, ರೈಲು ಬೋಗಿಗಳನ್ನು ತಯಾರಿಸುವ ಬೆಂಗಳೂರಿನ ಬಿ.ಇ.ಎಂ.ಎಲ್., ನೈಋತ್ಯ ರೈಲ್ವೆಯ ಹುಬ್ಬಳ್ಳಿ ಕಾರ್ಯಾಗಾರ ಇವೆಲ್ಲ ಈ ವೃತ್ತಿಯನ್ನು ಅವಲಂಬಿಸಿದ ಸ್ಥಳಗಳು.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದುದು ನಾಡಿನ ಜನರಿಗೆ ನೆನಪಿನಲ್ಲಿರುವ ಘಟನೆ. ತುಂಬಿದ ಜಲಾಶಯದ ನೀರು ಹರಿದುಹೋಗುತ್ತಿದ್ದಾಗ ಸುತ್ತಲಿನ ಕಾರ್ಯಾಗಾರಗಳಲ್ಲಿ ಉಕ್ಕಿನ ಸ್ಟಾಪ್‌ಲಾಗ್ ತಡೆಫಲಕಗಳನ್ನು ತಯಾರಿಸಿ, ಸುಮಾರು ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ಅವುಗಳನ್ನು ಇಳಿಸಿ, ಹೊರಹರಿವನ್ನು ತಡೆಯಲಾಯಿತು. ಲಕ್ಷಾಂತರ ಎಕರೆ ಜಮೀನಿನ ನೀರು ಆ ಕೆಲವು ದಿನಗಳಲ್ಲಿ ಉಕ್ಕನ್ನು ಕತ್ತರಿಸಿ ಕೂಡಿಸಬಲ್ಲ ಕೈಗಳ ಮೇಲೆ ನಿಂತಿತ್ತು.

ವೆಲ್ಡರನ ದಿನದ ಕೆಲಸದಲ್ಲಿ ಕಿಡಿ ಹಾರುವ ಸಮಯಕ್ಕಿಂತ ಸಿದ್ಧತೆಯ ಸಮಯವೇ ಹೆಚ್ಚು. ನಕ್ಷೆಯನ್ನು ಓದಿ ಅಳತೆ ಗುರುತಿಸುವುದು, ಲೋಹವನ್ನು ಕತ್ತರಿಸುವುದು, ತುಕ್ಕು, ಬಣ್ಣ ಮತ್ತು ಎಣ್ಣೆಯ ಜಿಡ್ಡನ್ನು ತೆಗೆಯುವುದು, ಅಂಚನ್ನು ಓರೆಯಾಗಿ ಉಜ್ಜುವುದು, ತುಂಡುಗಳನ್ನು ಸರಿಯಾದ ಅಂತರದಲ್ಲಿಟ್ಟು ಅಲ್ಲಲ್ಲಿ ಟ್ಯಾಕ್ ಹಾಕುವುದು, ಇಷ್ಟಾದ ಮೇಲೆ ಬೆಸುಗೆ. ಕಾದ ಲೋಹವು ಆರುವಾಗ ಕುಗ್ಗಿ ಎಳೆಯುತ್ತದೆ. ಯಾವ ಬದಿಯಿಂದ, ಎಷ್ಟು ಉದ್ದದಂತೆ, ಯಾವ ಕ್ರಮದಲ್ಲಿ ಬೆಸೆದರೆ ಗೇಟು ಡೊಂಕಾಗುವುದಿಲ್ಲ ಎಂಬ ಲೆಕ್ಕವು ಪುಸ್ತಕದಿಂದ ಅರ್ಧ, ಹಾಳಾದ ಕೆಲಸಗಳಿಂದ ಅರ್ಧ ಬರುವಂಥದ್ದು. ನಿಂತು, ಕುಳಿತು, ಮಲಗಿ, ಕೆಲವೊಮ್ಮೆ ತಲೆಯ ಮೇಲೆ ಕೈಯೆತ್ತಿ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೆಲಸ ಮಾಡಬೇಕಾಗುವುದರಿಂದ ಸ್ಥಿರವಾದ ಕೈ, ಒಳ್ಳೆಯ ದೃಷ್ಟಿ ಮತ್ತು ತಾಳ್ಮೆ ಈ ವೃತ್ತಿಗೆ ಅಗತ್ಯ. ದೈಹಿಕ ಬಲವೇ ಮುಖ್ಯವೆಂಬುದು ತಪ್ಪು ಕಲ್ಪನೆ. ಮಹಿಳಾ ಅಭ್ಯರ್ಥಿಗಳೂ ಈ ತರಬೇತಿಗೆ ಅರ್ಹರು. ಸೂಕ್ಷ್ಮ ಕೆಲಸವಾದ ಟಿಗ್ ಬೆಸುಗೆಯಲ್ಲಿ ಬಲಕ್ಕಿಂತ ಕೈಯ ಹಿಡಿತವೇ ಪ್ರಧಾನ.

ಬೆಸುಗೆಯ ವಿಧಾನಗಳು

ಸಾಮಾನ್ಯವಾಗಿ ಅಂಗಡಿಗಳಲ್ಲಿ ಕಾಣುವುದು ವಿದ್ಯುತ್ ಚಾಪದ ಬೆಸುಗೆ, ಅಂದರೆ ಆರ್ಕ್ ವೆಲ್ಡಿಂಗ್. ಲೇಪನವುಳ್ಳ ಎಲೆಕ್ಟ್ರೋಡ್, ಅಂದರೆ ಕೆಲಸಗಾರರು ರಾಡು ಎಂದು ಕರೆಯುವ ಕಡ್ಡಿ, ಲೋಹಕ್ಕೆ ತಗುಲಿದೊಡನೆ ಉಂಟಾಗುವ ಚಾಪದ ಉಷ್ಣತೆಯು ಹಲವು ಸಾವಿರ ಡಿಗ್ರಿಗಳಷ್ಟಿರುತ್ತದೆ. ಕಡ್ಡಿಯ ಲೇಪನವು ಉರಿದು ಅನಿಲವಾಗಿ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ತಡೆಯುತ್ತದೆ. ಉಳಿದದ್ದು ಸ್ಲ್ಯಾಗ್ ಆಗಿ ಮೇಲೆ ಗಟ್ಟಿಯಾಗುತ್ತದೆ. ಅದನ್ನು ಸುತ್ತಿಗೆಯಿಂದ ಕೆತ್ತಿ ತೆಗೆಯದೆ ಮೇಲೆ ಇನ್ನೊಂದು ಪದರ ಹಾಕಿದರೆ ಒಳಗೇ ಸಿಕ್ಕಿಕೊಂಡು ಜೋಡಣೆ ದುರ್ಬಲವಾಗುತ್ತದೆ.

ರಾಡಿನ ಪೊಟ್ಟಣದ ಮೇಲಿನ ಸಂಖ್ಯೆಯನ್ನು ಓದಲು ಬಾರದ ಅನುಭವಿ ಕೆಲಸಗಾರರೂ ಇದ್ದಾರೆ. ಇ 6013 ಎಂಬಲ್ಲಿ ಮೊದಲ ಎರಡು ಅಂಕಿಗಳು ಬೆಸುಗೆ ಲೋಹದ ಕನಿಷ್ಠ ಕರ್ಷಣ ಬಲವನ್ನು ತಿಳಿಸುತ್ತವೆ: ಚದರ ಅಂಗುಲಕ್ಕೆ 60,000 ಪೌಂಡ್. ಮೂರನೆಯ ಅಂಕಿ 1 ಇದ್ದರೆ ಎಲ್ಲ ಭಂಗಿಗಳಲ್ಲಿ ಬಳಸಬಹುದೆಂದು ಅರ್ಥ. ಕೊನೆಯದು ಲೇಪನ ಮತ್ತು ವಿದ್ಯುತ್ತಿನ ಬಗೆಯನ್ನು ಸೂಚಿಸುತ್ತದೆ. ಗ್ರಿಲ್, ಗೇಟುಗಳಿಗೆ 6013 ಸಾಕು. ಭಾರ ಹೊರುವ ರಚನೆಗಳಿಗೆ ಬಳಸುವ 7018 ಕಡಿಮೆ ಜಲಜನಕದ ರಾಡು. ಅದು ತೇವವನ್ನು ಹೀರಿದರೆ ಬೆಸುಗೆ ಆರಿದ ನಂತರ ಬಿರುಕು ಬಿಡುವ ಸಂಭವವಿದೆ. ಆದ್ದರಿಂದ ತಯಾರಕರು ಸೂಚಿಸಿದ ಉಷ್ಣತೆಯಲ್ಲಿ ಒಲೆಯಲ್ಲಿ ಒಣಗಿಸಿ, ಬಿಸಿಯಾಗಿರುವಾಗಲೇ ಬಳಸತಕ್ಕದ್ದು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಈ ಎಚ್ಚರಿಕೆಯು ಇನ್ನೂ ಮುಖ್ಯ.

ಆಮ್ಲಜನಕ ಮತ್ತು ಅಸಿಟಿಲೀನ್ ಅನಿಲಗಳ ಜ್ವಾಲೆಯಿಂದ ಮಾಡುವ ಗ್ಯಾಸ್ ವೆಲ್ಡಿಂಗ್ ತೆಳು ತಗಡು ಹಾಗೂ ದುರಸ್ತಿ ಕೆಲಸಗಳಿಗೆ ಇಂದಿಗೂ ಬಳಕೆಯಲ್ಲಿದೆ. ಕಾರ್ಖಾನೆಗಳಲ್ಲಿ ತಂತಿಯು ತಾನಾಗಿ ಹೊರಬರುವ ಸಿಒಟು ಅಥವಾ ಮಿಗ್ ಬೆಸುಗೆ ವ್ಯಾಪಕವಾಗಿದೆ. ರಾಡು ಬದಲಿಸುವ ಅಗತ್ಯವಿಲ್ಲದ ಕಾರಣ ಕೆಲಸ ಬೇಗ ಸಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಹಾಗೂ ಅಧಿಕ ಒತ್ತಡದ ಕೊಳವೆಗಳ ಬುಡದ ಪದರಕ್ಕೆ ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಟಂಗ್‌ಸ್ಟನ್ ಮೊನೆಯಿಂದ ಮಾಡುವ ಟಿಗ್ ವಿಧಾನವನ್ನು ಅನುಸರಿಸಲಾಗುತ್ತದೆ. ಆರ್ಕ್ ಮಾತ್ರ ಬಲ್ಲವನಿಗಿಂತ ಟಿಗ್ ಕೂಡ ಬಲ್ಲವನಿಗೆ ಅವಕಾಶಗಳು ಹೆಚ್ಚು.

ಐ.ಟಿ.ಐ. ಮೂಲಕ ಪ್ರವೇಶ

ಕೇಂದ್ರ ಸರ್ಕಾರವು 1950ರಲ್ಲಿ ಆರಂಭಿಸಿದ ಕುಶಲಕರ್ಮಿಗಳ ತರಬೇತಿ ಯೋಜನೆಯಡಿ ಸರ್ಕಾರಿ, ಅನುದಾನಿತ ಮತ್ತು ಖಾಸಗಿ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ವೆಲ್ಡರ್ ವೃತ್ತಿಯ ತರಬೇತಿ ನೀಡಲಾಗುತ್ತಿದೆ. ತರಬೇತಿಯ ಅವಧಿ 1 ವರ್ಷ. 8ನೇ ತರಗತಿಯಲ್ಲಿ ಉತ್ತೀರ್ಣರಾಗಿದ್ದು, 14 ವರ್ಷ ಪೂರೈಸಿರುವವರು ಅರ್ಜಿ ಸಲ್ಲಿಸಲು ಅರ್ಹರು. ಎಸ್.ಎಸ್.ಎಲ್.ಸಿ. ಅನುತ್ತೀರ್ಣರಾದವರು ತಮಗೆ ದಾರಿ ಮುಚ್ಚಿತೆಂದು ಭಾವಿಸಬೇಕಾಗಿಲ್ಲ. ಈ ವೃತ್ತಿಗೆ ಅವರ 8ನೇ ತರಗತಿಯ ಅರ್ಹತೆಯೇ ಸಾಕಾಗುತ್ತದೆ. ಕೊಳವೆ ಬೆಸುಗೆ, ರಚನಾ ಬೆಸುಗೆ, ಫ್ಯಾಬ್ರಿಕೇಶನ್ ಮತ್ತು ಫಿಟ್ಟಿಂಗ್ ಎಂಬ ವಿಶೇಷ ವೃತ್ತಿಗಳೂ ಪಠ್ಯಕ್ರಮದಲ್ಲಿದ್ದು, ಅವು ಎಲ್ಲ ಸಂಸ್ಥೆಗಳಲ್ಲಿ ಲಭ್ಯವಿರುವುದಿಲ್ಲ.

ತರಬೇತಿಯ ಹೆಚ್ಚಿನ ಪಾಲು ಕಾರ್ಯಾಗಾರದಲ್ಲಿಯೇ ನಡೆಯುತ್ತದೆ. ಇದರೊಡನೆ ವೃತ್ತಿ ಸಿದ್ಧಾಂತ ಹಾಗೂ ಉದ್ಯೋಗ ಕೌಶಲ್ಯ ವಿಷಯಗಳನ್ನು ಬೋಧಿಸಲಾಗುತ್ತದೆ. ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕುಳಿತುಕೊಳ್ಳಲು ಶೇ. 80ರಷ್ಟು ಹಾಜರಾತಿ ಕಡ್ಡಾಯ. ಹಳ್ಳಿಯಿಂದ ಬರುವ ಅನೇಕ ತರಬೇತುದಾರರು ಸುಗ್ಗಿಯ ಕಾಲದಲ್ಲಿ ದೀರ್ಘಕಾಲ ಗೈರುಹಾಜರಾಗಿ ಈ ಒಂದೇ ಕಾರಣಕ್ಕೆ ವರ್ಷ ಕಳೆದುಕೊಳ್ಳಬೇಕಾಗುತ್ತದೆ. ಪೋಷಕರು ಇದನ್ನು ಗಮನದಲ್ಲಿಡುವುದು ಒಳಿತು. ಉತ್ತೀರ್ಣರಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವನ್ನು ನೀಡಲಾಗುತ್ತದೆ. ಇದು ದೇಶದಾದ್ಯಂತ ಮಾನ್ಯ.

ಸಂಸ್ಥೆಯನ್ನು ಆಯ್ಕೆ ಮಾಡುವ ಮುನ್ನ ಅಭ್ಯರ್ಥಿಗಳು ಒಮ್ಮೆ ಅಲ್ಲಿನ ಕಾರ್ಯಾಗಾರವನ್ನು ಕಣ್ಣಾರೆ ನೋಡುವುದು ಸೂಕ್ತ. ತರಬೇತುದಾರರ ಸಂಖ್ಯೆಗೆ ತಕ್ಕಷ್ಟು ಯಂತ್ರಗಳು ಕೆಲಸ ಮಾಡುವ ಸ್ಥಿತಿಯಲ್ಲಿವೆಯೇ, ಪ್ರತಿಯೊಬ್ಬರಿಗೂ ಅಭ್ಯಾಸಕ್ಕೆ ಸಾಕಷ್ಟು ರಾಡು ಮತ್ತು ತಗಡು ದೊರೆಯುತ್ತದೆಯೇ ಎಂದು ವಿಚಾರಿಸಬೇಕು. ಬೆಸುಗೆಯನ್ನು ನೋಡಿ ಕಲಿಯಲಾಗದು. ರಾಡು ಸುಟ್ಟಷ್ಟೂ ಕೈ ಪಳಗುತ್ತದೆ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸುವ ಉದ್ಯೋಗ ಯೋಜನೆಯಡಿ ಆಧುನಿಕ ಯಂತ್ರೋಪಕರಣಗಳನ್ನು ಒದಗಿಸಲಾಗಿದೆ. ಖಾಸಗಿ ಸಂಸ್ಥೆಗೆ ಸೇರುವವರು ಆ ಸಂಸ್ಥೆಯ ವೆಲ್ಡರ್ ಘಟಕಕ್ಕೆ ಸಂಯೋಜನೆ ಇದೆಯೇ ಎಂಬುದನ್ನು ಶುಲ್ಕ ಪಾವತಿಸುವ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಸಂಯೋಜನೆ ಇಲ್ಲದ ಘಟಕದಲ್ಲಿ ಕಲಿತವರಿಗೆ ರಾಷ್ಟ್ರೀಯ ಪ್ರಮಾಣಪತ್ರ ದೊರೆಯುವುದಿಲ್ಲ.

ಶಿಶಿಕ್ಷು ತರಬೇತಿ

ಐ.ಟಿ.ಐ. ಮುಗಿಸಿದ ಕೂಡಲೇ ಪೂರ್ಣ ವೇತನದ ಕೆಲಸವನ್ನು ನಿರೀಕ್ಷಿಸುವುದು ಸಹಜ. ಆದರೆ ಒಂದು ವರ್ಷದ ತರಬೇತಿಯು ವೃತ್ತಿಯ ಅಕ್ಷರಾಭ್ಯಾಸವಷ್ಟೇ. 1961ರ ಶಿಶಿಕ್ಷು ಅಧಿನಿಯಮದ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ತಮ್ಮ ಸಿಬ್ಬಂದಿ ಬಲದ ಶೇ. 2.5ರಿಂದ ಶೇ. 15ರವರೆಗೆ ಶಿಶಿಕ್ಷುಗಳನ್ನು ತೊಡಗಿಸಿಕೊಳ್ಳುವುದು ಕಡ್ಡಾಯ. ಈ ಅವಧಿಯಲ್ಲಿ ನಿಯಮಾನುಸಾರ ಮಾಸಿಕ ಶಿಷ್ಯವೇತನ ದೊರೆಯುತ್ತದೆ. ಅಭ್ಯರ್ಥಿಯು ರಾಷ್ಟ್ರೀಯ ಶಿಶಿಕ್ಷು ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಸಂಸ್ಥೆಯೊಡನೆ ಆದ ಒಪ್ಪಂದವು ಅಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಒಪ್ಪಂದ ದಾಖಲಾಗದೆ ಕೇವಲ ಬಾಯಿಮಾತಿನ ಮೇಲೆ ದುಡಿದ ಅವಧಿಯು ಶಿಶಿಕ್ಷು ತರಬೇತಿಯಾಗಿ ಪರಿಗಣನೆಗೆ ಬರುವುದಿಲ್ಲ. ಅಪಾಯಕಾರಿ ಕೈಗಾರಿಕೆಗಳಲ್ಲಿ ಶಿಶಿಕ್ಷುವಿನ ಕನಿಷ್ಠ ವಯಸ್ಸು 18 ಎಂಬುದನ್ನೂ ಗಮನಿಸಬೇಕು. ಮುಕ್ತಾಯದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರವನ್ನು ನೀಡಲಾಗುತ್ತದೆ. ರೈಲ್ವೆ ಹಾಗೂ ಸಾರ್ವಜನಿಕ ಉದ್ದಿಮೆಗಳ ಶಿಶಿಕ್ಷು ಅಧಿಸೂಚನೆಗಳಲ್ಲಿ ವೆಲ್ಡರ್ ವೃತ್ತಿಗೂ ಸ್ಥಾನಗಳಿರುತ್ತವೆ.

ಅಂಗಡಿಯಲ್ಲಿಯೇ ಕಲಿತವರಿಗೆ

ವೆಲ್ಡಿಂಗ್ ಅಂಗಡಿಯಲ್ಲಿ ಹೆಲ್ಪರ್ ಆಗಿ ಸೇರಿ, ಮೊದಲು ಕಬ್ಬಿಣ ಹಿಡಿದು, ನಂತರ ಗ್ರೈಂಡಿಂಗ್ ಮಾಡಿ, ಮಾಲೀಕರು ಊಟಕ್ಕೆ ಹೋದ ಸಮಯದಲ್ಲಿ ಹೋಲ್ಡರ್ ಕೈಗೆತ್ತಿಕೊಂಡು ಕಲಿತವರು ಈ ವೃತ್ತಿಯಲ್ಲಿ ಬಹಳ ಮಂದಿ. ಇವರ ಕೌಶಲ್ಯವು ಅನೇಕ ವೇಳೆ ಐ.ಟಿ.ಐ.ಯಿಂದ ಹೊಸದಾಗಿ ಬಂದವರಿಗಿಂತ ಉತ್ತಮವಾಗಿರುವುದೂ ಉಂಟು. ಆದರೆ ಕಾರ್ಖಾನೆಯ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಪ್ರಮಾಣಪತ್ರದ್ದು. 15 ವರ್ಷ ದುಡಿದ ಕೆಲಸಗಾರ ಗುತ್ತಿಗೆದಾರನ ಬಳಿ ದಿನಗೂಲಿಯಾಗಿಯೇ ಉಳಿಯಲು ಮುಖ್ಯ ಕಾರಣವೂ ಇದೇ.

ಇಂತಹವರಿಗಾಗಿ ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆ ಇದೆ. ಇದರಲ್ಲಿ ಮೊದಲಿನಿಂದ ಪಾಠ ಹೇಳಲಾಗುವುದಿಲ್ಲ. ಈಗಾಗಲೇ ಬಲ್ಲ ಕೌಶಲ್ಯವನ್ನು ಪರೀಕ್ಷಿಸಿ, ಕೊರತೆಯಿರುವಲ್ಲಿ ಅಲ್ಪಾವಧಿಯ ತಿಳಿವಳಿಕೆ ನೀಡಿ, ಪ್ರಮಾಣಪತ್ರ ಕೊಡಲಾಗುತ್ತದೆ. ಇದಲ್ಲದೆ, ನಿಗದಿತ ವರ್ಷಗಳ ಅನುಭವದ ದಾಖಲೆಯುಳ್ಳವರು ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಇಲ್ಲಿ ಬಹುಪಾಲು ಅರ್ಜಿಗಳಿಗೆ ತೊಡಕಾಗುವುದು ಕೌಶಲ್ಯವಲ್ಲ, ಅನುಭವದ ದಾಖಲೆ. ಆದ್ದರಿಂದ ಅಂಗಡಿಯಲ್ಲಿ ದುಡಿಯುವವರು ಕೆಲಸ ಬಿಡುವಾಗ ಮಾಲೀಕರಿಂದ ಸಂಸ್ಥೆಯ ನೋಂದಣಿ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕಗಳಿರುವ ಅನುಭವ ಪತ್ರವನ್ನು ಪಡೆದು ಜೋಪಾನವಾಗಿಡತಕ್ಕದ್ದು.

ಗ್ರಾಮೀಣ ಯುವಜನರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಅಲ್ಪಾವಧಿಯ ಉಚಿತ ವಸತಿಸಹಿತ ತರಬೇತಿಗಳು ನಡೆಯುತ್ತವೆ. ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಶನ್ ಅವುಗಳಲ್ಲೊಂದು. ಈ ಮಾದರಿಯ ಮೂಲವು 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ. ಕೆಲವೇ ವಾರಗಳ ಇಂತಹ ತರಬೇತಿಯು ಐ.ಟಿ.ಐ.ಗೆ ಪರ್ಯಾಯವಲ್ಲ, ಸ್ವಂತ ಊರಿನಲ್ಲಿ ಗ್ರಿಲ್, ಗೇಟು ಕೆಲಸ ಆರಂಭಿಸುವ ಉದ್ದೇಶವುಳ್ಳವರಿಗೆ ಉಪಯುಕ್ತ.

14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ಮತ್ತು 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ನೇಮಿಸಿಕೊಳ್ಳುವುದು ಕಾನೂನಿನನ್ವಯ ಅಪರಾಧ. ಶಾಲೆಯ ರಜೆಯಲ್ಲಿ ಹುಡುಗನನ್ನು ಅಂಗಡಿಗೆ ಕಳಿಸುವ ರೂಢಿಯನ್ನು ಪೋಷಕರು ಕೈಬಿಡುವುದು ಅಗತ್ಯ.

ಬೆಸುಗೆಯ ಪರೀಕ್ಷೆ

ಐ.ಟಿ.ಐ. ಪ್ರಮಾಣಪತ್ರವು ವೃತ್ತಿ ಬಲ್ಲನೆಂಬುದಕ್ಕೆ ಸಾಕ್ಷಿ. ಇಂತಹ ಲೋಹವನ್ನು, ಇಂತಹ ವಿಧಾನದಿಂದ, ಇಂತಹ ಭಂಗಿಯಲ್ಲಿ ಬೆಸೆಯಬಲ್ಲನೆಂಬುದಕ್ಕೆ ಪ್ರತ್ಯೇಕ ಪರೀಕ್ಷೆ ಇದೆ. ಬಾಯ್ಲರ್, ಒತ್ತಡದ ಪಾತ್ರೆ, ತೈಲ ಮತ್ತು ಹಬೆಯ ಕೊಳವೆಗಳ ಕೆಲಸದಲ್ಲಿ ಈ ಎರಡನೆಯ ಪರೀಕ್ಷೆ ಇಲ್ಲದೆ ಯಾರೂ ಹೋಲ್ಡರ್ ಹಿಡಿಯುವಂತಿಲ್ಲ.

ಭಂಗಿಗಳನ್ನು ಸಂಖ್ಯೆಗಳಿಂದ ಗುರುತಿಸಲಾಗುತ್ತದೆ. ತಗಡನ್ನು ಮೇಜಿನ ಮೇಲೆ ಸಮತಲವಾಗಿಟ್ಟು ಬೆಸೆಯುವುದು 1ಜಿ. ನಿಂತ ತಗಡಿನ ಮೇಲೆ ಅಡ್ಡಲಾಗಿ 2ಜಿ, ಲಂಬವಾಗಿ 3ಜಿ, ತಲೆಯ ಮೇಲೆ 4ಜಿ. ಕೊಳವೆಯನ್ನು ಅಡ್ಡಲಾಗಿ ಸ್ಥಿರವಾಗಿಟ್ಟು, ಅದನ್ನು ತಿರುಗಿಸದೆ ವೆಲ್ಡರನೇ ಸುತ್ತ ಹೋಗಿ ಬೆಸೆಯುವುದು 5ಜಿ. ಕೊಳವೆಯನ್ನು 45 ಡಿಗ್ರಿ ಓರೆಯಲ್ಲಿ ಸ್ಥಿರವಾಗಿಟ್ಟು ಸುತ್ತಲೂ ಬೆಸೆಯುವುದು 6ಜಿ. ಒಂದೇ ಜೋಡಣೆಯಲ್ಲಿ ಎಲ್ಲ ಭಂಗಿಗಳೂ ಬಂದುಹೋಗುವುದರಿಂದ 6ಜಿ ತೇರ್ಗಡೆಯಾದವರು ಉಳಿದ ಭಂಗಿಗಳಿಗೂ ಅರ್ಹರಾಗುತ್ತಾರೆ. 1ಜಿ ಮಾತ್ರ ತೇರ್ಗಡೆಯಾದವರಿಗೆ ಸಮತಲದ ಕೆಲಸ ಮಾತ್ರ. ಉದ್ಯೋಗ ಪ್ರಕಟಣೆಗಳಲ್ಲಿ 6ಜಿ ವೆಲ್ಡರ್ ಬೇಕಾಗಿದ್ದಾರೆ ಎಂದು ಬರೆದಿರುವುದರ ಅರ್ಥ ಇದು.

ಪರೀಕ್ಷೆಯ ದಿನ ಅಭ್ಯರ್ಥಿಯು ಲಿಖಿತ ಕಾರ್ಯವಿಧಾನಕ್ಕೆ ಅನುಗುಣವಾಗಿ ಒಂದು ಮಾದರಿಯನ್ನು ಬೆಸೆದು ಕೊಡಬೇಕು. ಮೊದಲು ಕಣ್ಣಿನಿಂದ ಪರಿಶೀಲನೆ. ಬದಿಯಲ್ಲಿ ಲೋಹ ಕೊರೆದಿದ್ದರೆ, ಬುಡ ಪೂರ್ತಿ ತುಂಬದಿದ್ದರೆ ಅಲ್ಲಿಯೇ ತಿರಸ್ಕಾರ. ನಂತರ ಕ್ಷ-ಕಿರಣದ ಚಿತ್ರ ತೆಗೆಯಲಾಗುತ್ತದೆ, ಅಥವಾ ಮಾದರಿಯನ್ನು ಪಟ್ಟಿಗಳಾಗಿ ಕತ್ತರಿಸಿ ಯಂತ್ರದಲ್ಲಿ ಬಗ್ಗಿಸಲಾಗುತ್ತದೆ. ಬಗ್ಗಿದ ಪಟ್ಟಿಯ ಮೇಲೆ ಬಿರುಕು ತೆರೆದುಕೊಂಡರೆ ಒಳಗಿನ ದೋಷ ಬಯಲಾದಂತೆ. ಹೊರಗೆ ಬಹಳ ಅಂದವಾಗಿದ್ದ ಮಾದರಿಗಳು ಇಲ್ಲಿ ಸೋಲುವುದು ಹೊಸದಲ್ಲ.

ಬಾಯ್ಲರ್‌ಗಳ ಮೇಲೆ ಕೆಲಸ ಮಾಡುವವರು 1950ರ ಭಾರತೀಯ ಬಾಯ್ಲರ್ ವಿನಿಯಮಗಳನ್ವಯ ಪರೀಕ್ಷೆ ನೀಡಿ ಪ್ರಮಾಣಪತ್ರ ಪಡೆದಿರತಕ್ಕದ್ದು. ರಾಜ್ಯದಲ್ಲಿ ಈ ಕಾರ್ಯವನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯು ನಿರ್ವಹಿಸುತ್ತದೆ. 1923ರ ಬಾಯ್ಲರ್ ಅಧಿನಿಯಮದ ಸ್ಥಾನದಲ್ಲಿ 2025ರಲ್ಲಿ ಹೊಸ ಅಧಿನಿಯಮ ಜಾರಿಗೆ ಬಂದಿದ್ದರೂ ವೆಲ್ಡರ್ ಪರೀಕ್ಷೆಯ ಅಗತ್ಯವು ಹಾಗೆಯೇ ಉಳಿದಿದೆ. ಈ ಬಗೆಯ ಅರ್ಹತೆಯು ಶಾಶ್ವತವಲ್ಲ. ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಸಂಹಿತೆಗಳ ಪ್ರಕಾರ 6 ತಿಂಗಳಿಗೂ ಹೆಚ್ಚು ಕಾಲ ಆ ವಿಧಾನದಲ್ಲಿ ಕೆಲಸ ಮಾಡದಿದ್ದರೆ ಅರ್ಹತೆ ರದ್ದಾಗಿ, ಮತ್ತೆ ಪರೀಕ್ಷೆ ನೀಡಬೇಕಾಗುತ್ತದೆ. ಆದ್ದರಿಂದ ಕೆಲಸದ ದಾಖಲೆಯನ್ನು ಉದ್ಯೋಗದಾತರಿಂದ ಕಾಲಕಾಲಕ್ಕೆ ಪಡೆದಿಟ್ಟುಕೊಳ್ಳುವುದು ವೆಲ್ಡರನ ಹಿತದೃಷ್ಟಿಯಿಂದಲೇ ಅಗತ್ಯ. ಉನ್ನತ ತರಬೇತಿ ಬಯಸುವವರಿಗೆ ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯ ವೆಲ್ಡಿಂಗ್ ಸಂಶೋಧನಾ ಸಂಸ್ಥೆ ಇದೆ.

ಕಣ್ಣು, ಉಸಿರು ಮತ್ತು ಬೆಂಕಿ

ಚಾಪದ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಕಣ್ಣಿನ ಮೇಲ್ಪದರವನ್ನು ಸುಡುತ್ತವೆ. ಆ ಕ್ಷಣದಲ್ಲಿ ಏನೂ ತಿಳಿಯುವುದಿಲ್ಲ. ಹಲವು ಗಂಟೆಗಳ ನಂತರ, ಸಾಮಾನ್ಯವಾಗಿ ರಾತ್ರಿ, ಕಣ್ಣಿಗೆ ಮರಳು ಸುರಿದಂತೆ ಉರಿ, ನೀರು ಸುರಿಯುವಿಕೆ, ಬೆಳಕು ನೋಡಲಾಗದ ನೋವು ಆರಂಭವಾಗುತ್ತದೆ. ಆಲೂಗಡ್ಡೆಯ ಹೋಳು ಇಡುವುದು, ಹರಳೆಣ್ಣೆ ಅಥವಾ ಹಾಲು ಬಿಡುವುದು ಅಂಗಡಿಗಳಲ್ಲಿ ರೂಢಿಯಲ್ಲಿರುವ ಉಪಾಯಗಳು. ಇವುಗಳಿಂದ ಕಣ್ಣಿಗೆ ಸೋಂಕು ತಗಲುವ ಅಪಾಯವಿದೆ. ತಣ್ಣೀರಿನ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟು, ನೇತ್ರ ವೈದ್ಯರನ್ನು ಕಾಣತಕ್ಕದ್ದು. ಸಾಮಾನ್ಯ ಕಪ್ಪು ಕನ್ನಡಕವು ಚಾಪದ ಬೆಳಕಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಆರ್ಕ್ ಬೆಸುಗೆಗೆ ಸಾಧಾರಣವಾಗಿ 10ರಿಂದ 12ರ ಛಾಯೆಯ, ಗ್ಯಾಸ್ ಬೆಸುಗೆಗೆ 4ರಿಂದ 6ರ ಛಾಯೆಯ ಗಾಜನ್ನು ಬಳಸಬೇಕು. ಪಕ್ಕದಲ್ಲಿ ನಿಂತು ಕೆಲಸ ಹಿಡಿಯುವ ಹೆಲ್ಪರನಿಗೂ ಅದೇ ರಕ್ಷಣೆ ಬೇಕು. ಅಂಗಡಿಯಲ್ಲಿ ಒಂದೇ ಶೀಲ್ಡ್ ಇದ್ದು ಅದು ಮೇಸ್ತ್ರಿಯ ಕೈಯಲ್ಲಿದ್ದರೆ, ಕಣ್ಣು ಹಾಳಾಗುವುದು ಕಲಿಯುವ ಹುಡುಗನದು.

ಬೆಸುಗೆಯ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಸತುವಿನ ಲೇಪನವಿರುವ ಕೊಳವೆ, ತಗಡುಗಳನ್ನು ಬೆಸೆದ ದಿನದ ರಾತ್ರಿ ಚಳಿಜ್ವರ ಬರುವುದುಂಟು; ಕೆಲಸಗಾರರು ಇದನ್ನು ಮಲೇರಿಯಾ ಎಂದೋ ಮೈಕೈ ನೋವೆಂದೋ ತಿಳಿಯುತ್ತಾರೆ. ಅದು ಸತುವಿನ ಹೊಗೆಯಿಂದ ಬಂದ ಜ್ವರ. ಬೆಸೆಯುವ ಜಾಗದ ಲೇಪನವನ್ನು ಮೊದಲೇ ಉಜ್ಜಿ ತೆಗೆಯುವುದು, ಗಾಳಿ ಬೆನ್ನಿನ ಕಡೆಯಿಂದಲ್ಲದೆ ಪಕ್ಕದಿಂದ ಹಾಯುವಂತೆ ನಿಲ್ಲುವುದು, ಮುಖವನ್ನು ಹೊಗೆಯ ದಾರಿಯಿಂದ ಹೊರಗಿಡುವುದು ಖರ್ಚಿಲ್ಲದ ಕ್ರಮಗಳು. ಮುಚ್ಚಿದ ಜಾಗದಲ್ಲಿ ಹೊಗೆ ಹೀರುವ ಫ್ಯಾನು ಮತ್ತು ಸೂಕ್ತ ಮುಖಗವಸು ಇಲ್ಲದೆ ಕೆಲಸ ಮಾಡಕೂಡದು. ಮುಖಕ್ಕೆ ಕಟ್ಟಿದ ಕರವಸ್ತ್ರವು ಹೊಗೆಯನ್ನು ತಡೆಯುವುದಿಲ್ಲ.

ಪೆಟ್ರೋಲ್, ಡೀಸೆಲ್ ಅಥವಾ ರಾಸಾಯನಿಕ ತುಂಬಿದ್ದ ಟ್ಯಾಂಕು, ಡ್ರಮ್ಮುಗಳು ಖಾಲಿಯಾಗಿದ್ದರೂ ಒಳಗೆ ಆವಿ ಉಳಿದಿರುತ್ತದೆ. ಒಂದು ಕಿಡಿಗೆ ಸಿಡಿಯುತ್ತವೆ. ಅವುಗಳನ್ನು ತೊಳೆದು, ಆವಿ ಪೂರ್ತಿ ಹೋಗಿದೆಯೆಂದು ಪರೀಕ್ಷಿಸಿದ ಹೊರತು ಬೆಂಕಿ ತಾಗಿಸಬಾರದು. ಗಿರಾಕಿ ಅವಸರ ಮಾಡಿದರೆ ಕೆಲಸ ಬೇಡವೆನ್ನುವುದೇ ಸರಿ. ಆಮ್ಲಜನಕದ ಸಿಲಿಂಡರ್ ಕಪ್ಪು, ಅಸಿಟಿಲೀನ್ ಸಿಲಿಂಡರ್ ಕಡುಗೆಂಪು ಬಣ್ಣದ್ದು. ಅಸಿಟಿಲೀನ್ ಜೋಡಣೆಯ ಮರೆ ಎಡಸುತ್ತು. ಒಂದರದು ಇನ್ನೊಂದಕ್ಕೆ ಕೂಡದಿರಲೆಂದೇ ಈ ವ್ಯವಸ್ಥೆ. ಆಮ್ಲಜನಕದ ವಾಲ್ವಿಗೆ ಎಣ್ಣೆ ಅಥವಾ ಗ್ರೀಸ್ ಎಂದಿಗೂ ಹಚ್ಚಬಾರದು, ಜಿಡ್ಡಿನ ಕೈಯಿಂದ ಮುಟ್ಟಲೂ ಬಾರದು. ಅಸಿಟಿಲೀನ್ ಸಿಲಿಂಡರನ್ನು ಮಲಗಿಸಿ ಬಳಸಕೂಡದು. ಜ್ವಾಲೆ ಹಿಮ್ಮುಖವಾಗಿ ನುಗ್ಗುವುದನ್ನು ತಡೆಯುವ ಸಾಧನವನ್ನು ಎರಡೂ ಪೈಪುಗಳಿಗೆ ಅಳವಡಿಸಿರತಕ್ಕದ್ದು. ಮಳೆಯಲ್ಲಿ, ಒದ್ದೆ ನೆಲದ ಮೇಲೆ, ಬೆವರಿನಿಂದ ತೊಯ್ದ ಕೈಗವಸಿನಲ್ಲಿ ಆರ್ಕ್ ಯಂತ್ರವನ್ನು ನಡೆಸುವುದು ಪ್ರಾಣಾಪಾಯಕಾರಿ.

ಉದ್ಯೋಗ, ಸ್ವಉದ್ಯೋಗ ಮತ್ತು ವಿದೇಶ

ಕಟ್ಟಡ ನಿರ್ಮಾಣ ಸ್ಥಳಗಳಲ್ಲಿ ದುಡಿಯುವ 18ರಿಂದ 60 ವರ್ಷದೊಳಗಿನ ವೆಲ್ಡರ್‌ಗಳು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಅಂತಹ ಕೆಲಸ ಮಾಡಿದ್ದಲ್ಲಿ, ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಸ್ವಂತ ಅಂಗಡಿ ತೆರೆಯುವವರಿಗೆ 2015ರಿಂದ ಜಾರಿಯಲ್ಲಿರುವ ಮುದ್ರಾ ಯೋಜನೆಯಡಿ ಬ್ಯಾಂಕುಗಳಿಂದ ಸಾಲ ದೊರೆಯುತ್ತದೆ. ಶಿಶು ವರ್ಗದಲ್ಲಿ 50,000 ರೂ.ವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷ ರೂ.ವರೆಗೆ. 2023ರ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕಮ್ಮಾರಿಕೆ ಇದೆ, ವೆಲ್ಡಿಂಗ್ ಹೆಸರಿಲ್ಲ. ಈ ಬಗ್ಗೆ ಮಧ್ಯವರ್ತಿಗಳು ಹೇಳುವ ಮಾತನ್ನು ನಂಬಿ ಹಣ ಕೊಡಬಾರದು.

ಕೊಲ್ಲಿ ರಾಷ್ಟ್ರಗಳಿಗೆ ಹೋಗಬಯಸುವ ವೆಲ್ಡರ್‌ಗಳು ಒಂದು ಅಂಶವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಎಸ್.ಎಸ್.ಎಲ್.ಸಿ. ಉತ್ತೀರ್ಣರಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ವಲಸೆ ತಪಾಸಣೆ ಅಗತ್ಯವುಳ್ಳ ವರ್ಗಕ್ಕೆ ಸೇರುತ್ತದೆ. ಅಧಿಸೂಚಿತ ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವ ಮುನ್ನ ಅವರು ವಲಸೆ ಅನುಮತಿ ಪಡೆಯಬೇಕು. 8ನೇ ತರಗತಿಯ ಆಧಾರದ ಮೇಲೆ ಐ.ಟಿ.ಐ. ಸೇರಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 10ನೇ ತರಗತಿಯನ್ನು ಪೂರೈಸಲು ಅವಕಾಶವಿದ್ದು, ಇದನ್ನು ತರಬೇತಿಯ ಜೊತೆಯಲ್ಲಿಯೇ ಯೋಚಿಸುವುದು ಸೂಕ್ತ. ನೋಂದಾಯಿತ ನೇಮಕಾತಿ ಏಜೆಂಟರು ಸೇವಾ ಶುಲ್ಕವಾಗಿ 30,000 ರೂ. ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಪಡೆದ ಹಣಕ್ಕೆ ರಸೀದಿ ನೀಡಬೇಕು. ಪ್ರವಾಸಿ ವೀಸಾದ ಮೇಲೆ ಕಳಿಸಿ ಅಲ್ಲಿ ಕೆಲಸ ಕೊಡಿಸುವುದಾಗಿ ಹೇಳುವವರಿಂದ ದೂರವಿರತಕ್ಕದ್ದು. ಅಲ್ಲಿಯೂ ಕೆಲಸಕ್ಕೆ ಮುನ್ನ ಬೆಸುಗೆಯ ಪರೀಕ್ಷೆ ಇದ್ದೇ ಇರುತ್ತದೆ. ಇಲ್ಲಿ ಸಾಲ ಮಾಡಿ ಹೋಗಿ, ಅಲ್ಲಿ ಪರೀಕ್ಷೆಯಲ್ಲಿ ಸೋತು, ಕಡಿಮೆ ಸಂಬಳದ ಹೆಲ್ಪರ್ ಕೆಲಸಕ್ಕೆ ಇಳಿಯುವ ಪರಿಸ್ಥಿತಿಯನ್ನು ತಪ್ಪಿಸಲು ಊರಿನಲ್ಲಿದ್ದಾಗಲೇ 6ಜಿ ಅಭ್ಯಾಸ ಮಾಡಿ ಪರೀಕ್ಷೆ ನೀಡುವುದು ಜಾಣತನ.

ಐ.ಟಿ.ಐ. ಪ್ರವೇಶಕ್ಕೆ ಅರ್ಜಿ

ಪ್ರವೇಶದ ಅಧಿಸೂಚನೆಯನ್ನು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯು ಪ್ರತಿ ವರ್ಷ ಹೊರಡಿಸುತ್ತದೆ. ಅರ್ಜಿಯನ್ನು ಅಂತರಜಾಲದ ಮೂಲಕ ಸಲ್ಲಿಸಬೇಕು. ಸೌಲಭ್ಯವಿಲ್ಲದವರು ಸಮೀಪದ ಸರ್ಕಾರಿ ಐ.ಟಿ.ಐ.ಯಲ್ಲಿ ನೆರವು ಕೋರಬಹುದು. ಸರ್ಕಾರಿ ಸೀಟುಗಳಿಗೆ ಪ್ರವೇಶ ಪರೀಕ್ಷೆ ಇರುವುದಿಲ್ಲ. ಅರ್ಹತಾ ಪರೀಕ್ಷೆಯ ಅಂಕಗಳು ಮತ್ತು ಮೀಸಲಾತಿ ನಿಯಮಗಳ ಆಧಾರದ ಮೇಲೆ ಆಯ್ಕೆ ನಡೆಯುತ್ತದೆ. ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಭಾವಚಿತ್ರಗಳ ಜೊತೆಗೆ ಮೀಸಲಾತಿ ಕೋರುವವರು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅನ್ವಯಿಸುವಲ್ಲಿ ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕ ಪ್ರದೇಶದವರು 371(ಜೆ) ಅರ್ಹತಾ ಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು ಮತ್ತು ಅಂಕಪಟ್ಟಿ ಹಾಗೂ ಆಧಾರ್‌ನಲ್ಲಿ ಹೆಸರಿನ ಅಕ್ಷರಗಳು ಹೊಂದದಿರುವುದು, ಇವೆರಡು ದಾಖಲೆ ಪರಿಶೀಲನೆಯ ದಿನ ಮೇಲಿಂದ ಮೇಲೆ ಕಂಡುಬರುವ ತೊಡಕುಗಳು. ಪ್ರಮಾಣಪತ್ರ ದೊರೆಯಲು ಕೆಲವು ದಿನಗಳು ಬೇಕಾಗುವುದರಿಂದ ಫಲಿತಾಂಶ ಬರುವುದಕ್ಕೆ ಮೊದಲೇ ಇವುಗಳನ್ನು ಸರಿಪಡಿಸಿಕೊಳ್ಳಬೇಕು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಅರ್ಹ ತರಬೇತುದಾರರು ಪ್ರವೇಶ ಪಡೆದ ನಂತರ ವಿದ್ಯಾರ್ಥಿವೇತನಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಹೆಚ್ಚಿನ ವಿವರಗಳಿಗಾಗಿ ಸಮೀಪದ ಸರ್ಕಾರಿ ಐ.ಟಿ.ಐ.ಯ ಪ್ರಾಂಶುಪಾಲರನ್ನು ಅಥವಾ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.